ರಷ್ಯಾ ಬಿಡುವುದೋ, ಅಲ್ಲೇ ಇರುವುದೋ: ಮೊದಲು ಕಾಗದಪತ್ರ ತೆಗೆದು ನೋಡಿ

2022ರ ಸೆಪ್ಟೆಂಬರ್ 21ರಂದು ಪುಟಿನ್ ಉಕ್ರೇನ್ ಯುದ್ಧಕ್ಕೆ ಭಾಗಶಃ ಜಮಾವಣೆ (ಮೀಸಲು ಪಡೆಯವರನ್ನು ಸೇನೆಗೆ ಕರೆಸುವುದು) ಘೋಷಿಸಿದ ವಾರ, ಜಾರ್ಜಿಯಾ ಗಡಿಯ ವೆರ್ಖ್ನಿ ಲಾರ್ಸ್ ಠಾಣೆಯ ಮುಂದೆ ಕಿಲೋಮೀಟರುಗಟ್ಟಲೆ ಕಾರು ನಿಂತವು. ನಡೆದು ದಾಟಲು ಅಲ್ಲಿ ಅನುಮತಿ ಇರಲಿಲ್ಲ. ಜನ ಹಳೇ ಸೈಕಲ್ಲು, ಮಕ್ಕಳ ಸ್ಕೂಟರು ಸಿಕ್ಕಿದ್ದನ್ನು ಹೇಳಿದ ಬೆಲೆಗೆ ಕೊಂಡು ಗಡಿ ದಾಟಿದರು. ಹಾಗೆ ಹೋದವರಲ್ಲಿ ಹಲವರು ಕೈಯಲ್ಲಿದ್ದ ದುಡ್ಡು ಮುಗಿದ ಮೇಲೆ ವಾಪಸು ಬಂದರು. ಹೊರಡುವ ತೀರ್ಮಾನ ಆಮೇಲೆ ಮಾಡಿದರೂ ನಡೆದೀತು. ತಯಾರಿ ಮಾತ್ರ ಇವತ್ತೇ ಆಗಬೇಕು.

ತಡಮಾಡದೆ ಯೋಚಿಸಬೇಕಾದವರು ಯಾರೆಂದರೆ, 18ರಿಂದ 30ರೊಳಗಿನ ಗಂಡಸರು (2024ರ ಜನವರಿಯಿಂದ ಕಡ್ಡಾಯ ಸೇವೆಯ ವಯೋಮಿತಿ 27ರಿಂದ 30ಕ್ಕೆ ಏರಿದೆ), ಮೀಸಲು ಪಡೆಯ ಪಟ್ಟಿಯಲ್ಲಿರುವವರು, ಮತ್ತು ಯುದ್ಧದ ವಿರುದ್ಧ ಬಹಿರಂಗವಾಗಿ ಬರೆದವರು. ಸೇನೆಯ ಬಗ್ಗೆ ‘ಸುಳ್ಳು ಸುದ್ದಿ’ ಹರಡಿದರೆಂಬ, ರಷ್ಯಾದ ದಂಡ ಸಂಹಿತೆಯ 207.3ನೇ ಕಲಮಿನಡಿ 15 ವರ್ಷದವರೆಗೆ ಶಿಕ್ಷೆಯಿದೆ. ನಿಷೇಧಿತ ಸಂಸ್ಥೆಗೆ ಒಂದು ಸಲ ಕಾರ್ಡಿನಿಂದ ಕಳಿಸಿದ ಸಣ್ಣ ದೇಣಿಗೆಯೂ ಕ್ರಿಮಿನಲ್ ಕೇಸಾಗುತ್ತದೆ. ಬ್ಯಾಂಕಿನ ಹಳೇ ಲೆಕ್ಕವನ್ನು ಅದಕ್ಕೇ ನೋಡಬೇಕು. ಇದಾವುದೂ ಇಲ್ಲದೆ, ಸ್ವಂತ ಮನೆ, ಹಾಸಿಗೆ ಹಿಡಿದ ತಾಯಿ, ಬೇರೆ ದೇಶದಲ್ಲಿ ನಡೆಯದ ಕಸುಬು ಇರುವವರು ಉಳಿದರೆ ಅದನ್ನು ಹೇಡಿತನ ಎನ್ನುವುದು ದೂರ ಕೂತವರ ಮಾತು.

ಗಡಿಯಲ್ಲೇ ತಡೆ ಬೀಳುವ ಕಾರಣಗಳನ್ನು ಟಿಕೆಟ್ ಕೊಳ್ಳುವ ಮೊದಲೇ ನೋಡಿಕೊಳ್ಳಿ. ಕೋರ್ಟು ಹೇಳಿದ ಸಾಲ 30,000 ರೂಬಲ್ ದಾಟಿದರೆ, ಜೀವನಾಂಶದ ಬಾಕಿಯಾದರೆ 10,000ಕ್ಕೇ, ಜಾರಿ ಅಧಿಕಾರಿ ದೇಶ ಬಿಡದಂತೆ ತಡೆ ಹಾಕಬಹುದು. ಹಣ ಕಟ್ಟಿದ ಗಳಿಗೆಯಲ್ಲೇ ತಡೆ ತೆಗೆಯುವುದಿಲ್ಲ, ಕೆಲವು ದಿನ ಹಿಡಿಯುತ್ತದೆ. ವಿಮಾನ ನಿಲ್ದಾಣದಲ್ಲಿ ನಿಂತು ಕಟ್ಟಿ ಪ್ರಯೋಜನವಿಲ್ಲ. ಸರ್ಕಾರಿ ರಹಸ್ಯ ನೋಡಿದ ಹುದ್ದೆಯಲ್ಲಿದ್ದವರಿಗೆ 5 ವರ್ಷದವರೆಗೆ ನಿರ್ಬಂಧ ಇರಬಹುದು. ಸೇನೆಯ ಸಮನ್ಸು ಈಗ ಆನ್‌ಲೈನ್ ದಾಖಲೆಗೂ ಬೀಳುತ್ತದೆ. ಬಿದ್ದು 7 ದಿನವಾದರೆ ನೀವು ಓದಿರಲಿ ಬಿಡಲಿ, ಕೈಸೇರಿದಂತೆಯೇ ಲೆಕ್ಕ. ಆಮೇಲೆ ಗಡಿ ದಾಟುವಂತಿಲ್ಲ. ಮಗುವಿನ ವಿಷಯದಲ್ಲಿ ತಂದೆ ಅಥವಾ ತಾಯಿ ಒಬ್ಬರೇ ಜೊತೆಗಿದ್ದರೂ ರಷ್ಯಾ ಬಿಡುತ್ತದೆ. ಆದರೆ ಇನ್ನೊಬ್ಬರು ತಕರಾರು ಅರ್ಜಿ ಹಾಕಿದ್ದರೆ, ಅವರೇ ಹಿಂತೆಗೆಯಬೇಕು, ಇಲ್ಲವೇ ಕೋರ್ಟಿಗೆ ಹೋಗಬೇಕು.

ದಾಖಲೆಗಳದ್ದೇ ದೊಡ್ಡ ಕೆಲಸ. ಹೊರದೇಶಕ್ಕೆ ಹೋಗಲು ರಷ್ಯಾ ಕೊಡುವ ಪಾಸ್‌ಪೋರ್ಟ್ ಎರಡು ಬಗೆ: ಚಿಪ್ ಇರುವ 10 ವರ್ಷದ್ದು, ಚಿಪ್ ಇಲ್ಲದ 5 ವರ್ಷದ್ದು. ಬೇಗ ಸಿಗುತ್ತದೆಂದು 5 ವರ್ಷದ್ದನ್ನು ಮಾಡಿಸಬೇಡಿ. ಫ್ರಾನ್ಸ್, ಡೆನ್ಮಾರ್ಕ್, ಚೆಕ್ ಗಣರಾಜ್ಯದಂಥ ದೇಶಗಳು ಅದನ್ನು ಒಪ್ಪುವುದಿಲ್ಲ. ಇನ್ನು ಅಪೋಸ್ಟೀಲ್ ಮುದ್ರೆ, ಅಂದರೆ ದಾಖಲೆ ಅಸಲಿ ಎಂದು ಬೇರೆ ದೇಶಗಳು ಒಪ್ಪಲು ಹಾಕಿಸುವ ಮುದ್ರೆ. ರಷ್ಯಾದ ದಾಖಲೆಗೆ ಅದನ್ನು ರಷ್ಯಾದೊಳಗೇ ಹಾಕಿಸಬೇಕು. ಹೊರಗಿನ ರಾಯಭಾರ ಕಚೇರಿ ಹಾಕಿಕೊಡುವುದಿಲ್ಲ. ಸೋವಿಯತ್ ಕಾಲದ ಹಸಿರು ಜನನ ಪತ್ರ ಹಾಳಾಗದಿರಲೆಂದು ಎಷ್ಟೋ ಮನೆಗಳಲ್ಲಿ ಲ್ಯಾಮಿನೇಷನ್ ಮಾಡಿಸಿಟ್ಟಿದ್ದಾರೆ. ಪ್ಲಾಸ್ಟಿಕ್ ಮೇಲೆ ಮುದ್ರೆ ಬೀಳದು. ನೋಂದಣಿ ಕಚೇರಿಯಾದ ಜಾಗ್ಸ್‌ನಲ್ಲಿ ಹೊಸ ಪ್ರತಿ ತೆಗೆಸಿ, ಅದರ ಮೇಲೆ ಹಾಕಿಸಿ. ಡಿಪ್ಲೊಮಾಗೆ (ಪದವಿ ಪತ್ರಕ್ಕೆ) ತಿಂಗಳುಗಟ್ಟಲೆ ಹಿಡಿಯಬಹುದು, ಅದನ್ನೇ ಮೊದಲು ಕೊಡಿ. ಕ್ರಿಮಿನಲ್ ದಾಖಲೆ ಇಲ್ಲವೆಂಬ ಪತ್ರ ಸರ್ಕಾರಿ ಸೇವೆಗಳ ಗೊಸುಸ್ಲುಗಿ ಪೋರ್ಟಲ್ಲಿನಲ್ಲಿ ಉಚಿತ. ಆದರೆ ಬಹುತೇಕ ದೇಶಗಳು ಕೆಲವೇ ತಿಂಗಳು ಹಳತಾದುದನ್ನಷ್ಟೇ ಒಪ್ಪುವುದರಿಂದ ಅದು ಕೊನೆಗಿರಲಿ. ನಂಬಿಕಸ್ತ ನೆಂಟರಿಗೆ ನೋಟರಿ ಮುಂದೆ ಜಿಪಿಎ ಬರೆದುಕೊಟ್ಟು ಹೊರಡಿ. ಮನೆ, ಬ್ಯಾಂಕು, ಪಿಂಚಣಿ, ದಾಖಲೆ ಪಡೆಯುವುದು, ಎಲ್ಲವನ್ನೂ ಹೆಸರಿಸಿ ಬರೆಸಬೇಕು. ‘ಎಲ್ಲ ವ್ಯವಹಾರ’ ಎಂದಷ್ಟೇ ಬರೆದರೆ ಬ್ಯಾಂಕಿನವರು ತಿರುಗಿಸಿ ಕಳಿಸುತ್ತಾರೆ.

2022ರ ಮಾರ್ಚಿನಿಂದ ರಷ್ಯಾದ ಬ್ಯಾಂಕುಗಳ ವೀಸಾ, ಮಾಸ್ಟರ್‌ಕಾರ್ಡ್ ಹೊರದೇಶದಲ್ಲಿ ನಡೆಯುವುದಿಲ್ಲ. ವಿದೇಶಿ ನಗದು 10,000 ಡಾಲರ್ ಬೆಲೆಯಷ್ಟು ಮಾತ್ರ ಒಯ್ಯಬಹುದು. ಆರು ತಿಂಗಳ ಬಾಡಿಗೆ, ಊಟ, ಒಂದು ವಾಪಸು ಟಿಕೆಟ್ ಆಗುವಷ್ಟು ಇಲ್ಲದಿದ್ದರೆ ಹೊರಡಬೇಡಿ. ಹೊರಗೆ ಖಾತೆ ತೆರೆದರೆ ಒಂದು ತಿಂಗಳೊಳಗೆ ರಷ್ಯಾದ ತೆರಿಗೆ ಇಲಾಖೆಗೆ ತಿಳಿಸಬೇಕು. ರಷ್ಯಾದ ಸಿಮ್ಮನ್ನು ರೀಚಾರ್ಜ್ ಮಾಡುತ್ತಲೇ ಇರಿ. ಸುಮ್ಮನೆ ಬಿಟ್ಟ ನಂಬರನ್ನು ಕಂಪನಿ ಬೇರೆಯವರಿಗೆ ಕೊಟ್ಟರೆ, ಬ್ಯಾಂಕಿನ ಒಟಿಪಿ ಅವರ ಕೈಗೆ ಹೋಗುತ್ತದೆ.

ಎಲ್ಲಿಗೆ? ಜಾರ್ಜಿಯಾ ವೀಸಾ ಇಲ್ಲದೆ ಒಂದು ವರ್ಷ ಇರಗೊಡುತ್ತದೆ, ಆದರೆ ಕಾರಣ ಹೇಳದೆ ಗಡಿಯಿಂದಲೇ ವಾಪಸು ಕಳಿಸುವುದೂ ಉಂಟು. ಅರ್ಮೇನಿಯಾ, ಕಜಾಕ್‌ಸ್ತಾನಗಳಿಗೆ ದೇಶದೊಳಗಿನ ಪಾಸ್‌ಪೋರ್ಟೇ (ರಷ್ಯನ್ನರ ಗುರುತಿನ ಚೀಟಿ) ಸಾಕು. ರಷ್ಯಾದ ಜೊತೆ ಈ ಎರಡೂ ದೇಶಗಳಿರುವ ಯುರೇಷ್ಯನ್ ಆರ್ಥಿಕ ಒಕ್ಕೂಟದ ನಿಯಮದಿಂದ ಕೆಲಸಕ್ಕೆ ಪ್ರತ್ಯೇಕ ಪರ್ಮಿಟ್ ಬೇಡ. ಸೇನೆಯಿಂದ ತಪ್ಪಿಸಿಕೊಂಡವರಿಗೆ, ಕೇಸು ಇರುವವರಿಗೆ ಇವೆರಡೂ ಸುರಕ್ಷಿತವಲ್ಲ: ಅರ್ಮೇನಿಯಾದ ಗ್ಯುಮ್ರಿಯಲ್ಲಿ ರಷ್ಯಾದ 102ನೇ ಸೇನಾ ನೆಲೆಯೇ ಇದೆ. ಸರ್ಬಿಯಾ 30 ದಿನ ಕೊಡುತ್ತದೆ. ಅಷ್ಟರೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಯುರೋಪಿಯನ್ ಒಕ್ಕೂಟ 2025ರ ನವೆಂಬರಿನಿಂದ ರಷ್ಯನ್ನರಿಗೆ ಹಲವು ಸಲ ಹೋಗಿಬರುವ ಷೆಂಗೆನ್ ವೀಸಾವನ್ನು, ಕೆಲವು ವಿನಾಯಿತಿ ಬಿಟ್ಟರೆ, ನಿಲ್ಲಿಸಿದೆ. ಗೋಕರ್ಣ, ಗೋವಾದ ಕಡಲತಡಿಯಲ್ಲಿ ಚಳಿಗಾಲ ಕಳೆಯುವ ರಷ್ಯನ್ನರು ನಮಗೆ ಹೊಸಬರಲ್ಲ. ಆದರೆ ಭಾರತದ ಪ್ರವಾಸಿ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ, ಅವಧಿ ಮೀರಿದರೆ ದಂಡ, ಆಮೇಲೆ ಗಡೀಪಾರು.

ಉಳಿಯುವವರೂ ಮೇಲಿನ ದಾಖಲೆಗಳನ್ನೆಲ್ಲ ಮಾಡಿಸಿ ಒಂದೇ ಕವರಿನಲ್ಲಿಡಲಿ. ಹೋದವರು ಊರಿಗೆ ಬರುವುದಾದರೆ ಗಡಿಯಲ್ಲಿ ಫೋನು ಕೇಳುತ್ತಾರೆಂದೇ ಇಟ್ಟುಕೊಳ್ಳಿ. ಬರೀ ಖಾಲಿ ಫೋನೂ ಅನುಮಾನ ಹುಟ್ಟಿಸುತ್ತದೆ, ಅದರಲ್ಲಿ ಅಮ್ಮನ ಫೋಟೋ, ಮಾಮೂಲು ಮಾತುಕತೆ ಇರಲಿ. ಎರಡನೇ ಪೌರತ್ವ ಪಡೆದಿದ್ದರೆ ಅದನ್ನು 60 ದಿನದೊಳಗೆ ತಿಳಿಸಬೇಕು; ಮುಚ್ಚಿಟ್ಟರೆ ಕ್ರಿಮಿನಲ್ ಅಪರಾಧ. ಆ ಇನ್ನೊಂದು ಪಾಸ್‌ಪೋರ್ಟ್ ತೋರಿಸಿದರೂ ರಷ್ಯಾದ ನೆಲದಲ್ಲಿ ನಿಮ್ಮನ್ನು ರಷ್ಯಾದ ಪ್ರಜೆ ಎಂದೇ ನೋಡುತ್ತಾರೆ.