ಅಲಾಸ್ಕಾದ ಎಣ್ಣೆ ಬಾವಿಗೆ ತಕರಾರು ಬರೆಯುವುದು ಹೇಗೆ?

"ಹಿಮಕರಡಿ ಉಳಿಸಿ" ಅಂತ ಒಂದು ಸಾಲು ಬರೆದು ಕಳಿಸಿದರೆ ಏನೂ ಆಗುವುದಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅಲಾಸ್ಕಾದ ಆರ್ಕ್ಟಿಕ್ ವನ್ಯಜೀವಿ ಧಾಮದ ಕರಾವಳಿ ಬಯಲು ಸುಮಾರು 15 ಲಕ್ಷ ಎಕರೆ. ಅಲ್ಲಿ ಎಣ್ಣೆ ತೆಗೆಯುವ ವಿಚಾರದಲ್ಲಿ ಅಮೆರಿಕ ಸರ್ಕಾರ ಜನರ ಆಕ್ಷೇಪಣೆ ಕೇಳಿದರೆ ಅದು ಓಟಿನ ಎಣಿಕೆ ಅಲ್ಲ. ಸಾವಿರ ಜನ ಒಂದೇ ಪತ್ರ ಕಾಪಿ ಮಾಡಿ ಕಳಿಸಿದರೂ ಅದು ಒಂದೇ ವಾದ.

ಸರ್ಕಾರದ ಪರಿಸರ ವರದಿ ನೂರಾರು ಪುಟ ಇರುತ್ತದೆ, ಪೂರ್ತಿ ಓದಲು ಹೋಗಬೇಡಿ. ಒಂದು ಪ್ರಾಣಿ ಆರಿಸಿ, ಆ ಅಧ್ಯಾಯ ಮಾತ್ರ ಓದಿ. ನಾನಾಗಿದ್ದರೆ ಹಿಮಕರಡಿಯನ್ನೇ ಹಿಡಿಯುತ್ತೇನೆ. ತಾಯಿ ಕರಡಿ ಚಳಿಗಾಲದಲ್ಲಿ ಹಿಮದೊಳಗೆ ಗುಹೆ ಮಾಡಿ ಮರಿ ಹಾಕುತ್ತದೆ, ಎಣ್ಣೆ ಹುಡುಕುವ ಭಾರಿ ಲಾರಿಗಳು ಓಡುವುದೂ ಅದೇ ಚಳಿಗಾಲದಲ್ಲಿ, ಏಕೆಂದರೆ ನೆಲ ಹೆಪ್ಪುಗಟ್ಟಿದಾಗಲೇ ಅವು ಓಡಾಡಲು ಸಾಧ್ಯ. ವಿಮಾನದಿಂದ ಶಾಖದ ಕ್ಯಾಮೆರಾ ಹಿಡಿದು ಗುಹೆ ಹುಡುಕುತ್ತೇವೆ ಅಂತಾರೆ ಎಣ್ಣೆ ಹುಡುಕುವವರು. ಆದರೆ 2020ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಅರ್ಧದಷ್ಟು ಗುಹೆಗಳೂ ಆ ಕ್ಯಾಮೆರಾಕ್ಕೆ ಸಿಕ್ಕಿರಲಿಲ್ಲ. ನಿಮ್ಮ ಪ್ರಶ್ನೆ ಅಲ್ಲೇ ಇದೆ ಅಲ್ವಾ: ಕಾಣದ ಗುಹೆಯ ಮೇಲೆ ಲಾರಿ ಹೋದರೆ? ಪುಟದ ಸಂಖ್ಯೆ ಹಾಕಿ, ಹೀಗೇ ನೇರವಾಗಿ ಕೇಳಿ.

ಕ್ಯಾರಿಬೂ ಜಿಂಕೆ ಆರಿಸಿದರೆ ಜೂನ್ ತಿಂಗಳ ಬಗ್ಗೆ ಬರೆಯಿರಿ. ಪೊರ್ಕ್ಯುಪೈನ್ ಎಂಬ ಹೆಸರಿನ ಕ್ಯಾರಿಬೂ ಹಿಂಡು ಕರು ಹಾಕಲು ಈ ಬಯಲಿಗೇ ಬರುತ್ತದೆ, ಇಲ್ಲಿ ತೋಳದ ಕಾಟ ಕಡಿಮೆ, ಸಮುದ್ರದ ಗಾಳಿಗೆ ಸೊಳ್ಳೆಯೂ ಕಡಿಮೆ. ಈ ಹಿಂಡನ್ನೇ ನಂಬಿರುವ ಗ್ವಿಚಿನ್ ಎಂಬ ಮೂಲನಿವಾಸಿ ಜನ ಬಾವಿ ಬೇಡ ಅಂತಾರೆ. ಆದರೆ "ಮೂಲನಿವಾಸಿಗಳೆಲ್ಲ ವಿರೋಧಿಗಳು" ಅಂತ ಮಾತ್ರ ಬರೆಯಬೇಡಿ, ಬಯಲಿನಲ್ಲೇ ಇರುವ ಕಾಕ್ಟೋವಿಕ್ ಊರಿನ ಇನ್ಯೂಪಿಯಾಟ್ ಜನರಲ್ಲಿ ಎಷ್ಟೋ ಮಂದಿಗೆ ಎಣ್ಣೆ ಬೇಕು. ಒಂದು ತಪ್ಪು ಸಿಕ್ಕಿದರೆ ಇಡೀ ಪತ್ರ ಹಗುರವಾಗುತ್ತದೆ.

ದುಡ್ಡಿನ ಮಾತೂ ಸೇರಿಸಿ. ಎಣ್ಣೆ ತೆಗೆಯಲು ಈ ಬಯಲಿನ ಜಾಗವನ್ನು ಗುತ್ತಿಗೆಗೆ ಕೊಡುವ 2025ರ ಜನವರಿಯ ಹರಾಜಿಗೆ ಒಬ್ಬರೂ ಬಿಡ್ ಹಾಕಲಿಲ್ಲ. ಆದರೂ ಅದೇ ವರ್ಷದ ಹೊಸ ಕಾನೂನು ಇನ್ನೂ 4 ಹರಾಜು ನಡೆಸಿ ಅನ್ನುತ್ತದೆ.

ಆಕ್ಷೇಪಣೆ ಕಳಿಸಲು ಅಮೆರಿಕದ ಪೌರತ್ವ ಬೇಕಿಲ್ಲ, ಮೈಸೂರಿನಲ್ಲಿ ಕೂತೂ ಕಳಿಸಬಹುದು. ಅಮೆರಿಕದಲ್ಲೇ ಎಚ್-1ಬಿ ವೀಸಾದಲ್ಲಿ ಇರುವವರು ತಮ್ಮ ಕ್ಷೇತ್ರದ ಸಂಸದರ ಕಚೇರಿಗೆ ಫೋನನ್ನೂ ಮಾಡಿ; ಓಟಿಲ್ಲದಿದ್ದರೂ ನೀವು ಆ ಕ್ಷೇತ್ರದವರೇ. ಕೊನೇ ದಿನಾಂಕ ಮೊದಲೇ ನೋಡಿಕೊಳ್ಳಿ. ಪತ್ರದೊಳಗೆ ಮನೆ ವಿಳಾಸ, ಫೋನ್ ನಂಬರ್ ಹಾಕಬೇಡಿ, ಬರೆದದ್ದು ಎಲ್ಲರಿಗೂ ಕಾಣುವಂತೆ ಪ್ರಕಟವಾಗಬಹುದು.