ಮುಂಬೈ ಮಳೆಗಾಲದಲ್ಲಿ ಅಕ್ಕನ ಸೋಪು ಕರಗದ ಹಾಗೆ

ಕುಮಟಾದ ಅಕ್ಕ ಪ್ರತಿ ವರ್ಷ ಮೇ ತಿಂಗಳಲ್ಲಿ 12 ಸೋಪು ಕಟ್ಟಿ ಕೊಡುತ್ತಾಳೆ. ಎಲ್ಲ ಅವಳೇ ತೆಂಗಿನೆಣ್ಣೆಯಲ್ಲಿ ಮಾಡಿದ್ದು. ಮೊದಲ ವರ್ಷ ಆಷಾಢ ಮುಗಿಯುವಷ್ಟರಲ್ಲಿ ಅಷ್ಟೂ ಖಾಲಿ. ಫೋನ್ ಮಾಡಿ ಹೇಳಿದರೆ, "ಸೋಪು ತಿಂತೀರೇನೇ ನೀವು?" ಅಂದಳು.

ತಿಂದದ್ದು ನಾವಲ್ಲ, ನಮ್ಮ ಮುಲುಂಡ್ ಮನೆಯ ಬಚ್ಚಲು. 5 ಅಡಿಗೆ 4 ಅಡಿ ಜಾಗ. ಕಿಟಕಿ ತೆರೆದರೆ ಕಾಣುವುದು ಕಟ್ಟಡದ ಡಕ್ಟ್. ಜೂನ್‌ನಿಂದ ಸೆಪ್ಟೆಂಬರ್ ತನಕ ಅಲ್ಲಿ ಟವೆಲ್ಲೇ ಒಣಗುವುದಿಲ್ಲ, ಇನ್ನು ಸೋಪು ಒಣಗುತ್ತದೆಯೇ?

ಅಂಗಡಿ ಸೋಪು ಹೀಗೆ ಕರಗಲ್ವಲ್ಲ ಎಂದು ನಮ್ಮನೆಯವರು ಆಡಿಕೊಂಡರು. ಮಾತು ನಿಜವೇ. ಎಣ್ಣೆಗೆ ಕಾಸ್ಟಿಕ್ ಸೋಡಾದ ನೀರು ಸೇರಿದಾಗ ಸೋಪಿನ ಜೊತೆ ಗ್ಲಿಸರಿನ್ ಕೂಡ ಹುಟ್ಟುತ್ತದೆ. ದೊಡ್ಡ ಕಾರ್ಖಾನೆಗಳು ಸಾಮಾನ್ಯವಾಗಿ ಅದನ್ನು ಬೇರೆ ಮಾಡಿ ತೆಗೆಯುತ್ತವೆ, ಸೋಪನ್ನು ಒಣಗಿಸಿ ಒತ್ತಿ ಅಚ್ಚು ಹಾಕುತ್ತವೆ. ಮನೆ ಸೋಪಿನಲ್ಲಿ ಅದು ಒಳಗೇ ಉಳಿಯುತ್ತದೆ. ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಚರ್ಮಕ್ಕೆ ಒಳ್ಳೆಯದು, ಮುಂಬೈ ಮಳೆಗಾಲದಲ್ಲಿ ಸೋಪಿಗೇ ಮುಳುವು. ಮೇಲಿಂದ ತೆಂಗಿನೆಣ್ಣೆ ಸೋಪು ಕೈಗೆ ಎಷ್ಟು ಗಟ್ಟಿಯೋ ನೀರಿಗೆ ಅಷ್ಟೇ ಸಡಿಲ. ಆದರೆ ಆ ಗುಣದಿಂದಲೇ ಟ್ಯಾಂಕರಿನ ಗಡಸು ನೀರಲ್ಲೂ ನೊರೆ ಕೊಡುತ್ತದೆ. ಸಮುದ್ರದ ನೀರಲ್ಲೂ ಕೊಡುತ್ತದೆ, ಬೇಕಾದರೆ ನೋಡಿ.

ಹಾಗಾಗಿ ಮಾಡಬೇಕಾದ್ದು ಒಂದೇ: ಒಂದು ಸ್ನಾನಕ್ಕೂ ಇನ್ನೊಂದು ಸ್ನಾನಕ್ಕೂ ನಡುವೆ ಸೋಪು ಪೂರ್ತಿ ಒಣಗಬೇಕು. ನಮ್ಮದು ನಾಲ್ಕು ಜನರ ಮನೆ. ಬೆಳಿಗ್ಗೆ ಆರರಿಂದ ಎಂಟರೊಳಗೆ ಎಲ್ಲರ ಸ್ನಾನ. ಒಂದೇ ಸೋಪಾದರೆ ಉಸಿರಾಡಲೂ ಪುರುಸೊತ್ತಿಲ್ಲ ಅದಕ್ಕೆ. ಈಗ ಸೋಪಿಗೂ ಪಾಳಿ ಹಾಕಿದ್ದೇನೆ. ಒಂದನ್ನು ಅಡ್ಡಕ್ಕೆ ಎರಡು ತುಂಡು ಮಾಡಿ, ಇವತ್ತು ಒಂದು, ನಾಳೆ ಇನ್ನೊಂದು. ಚಾಕುವನ್ನು ಬಿಸಿ ನೀರಲ್ಲಿ ಅದ್ದಿ, ಒರೆಸಿ, ನಿಧಾನ ಒತ್ತಿ. ಹಳೆಯ ಸೋಪಾದರೆ ಸಿಡಿದು ಚೂರಾಗುತ್ತದೆ, ಜೋರು ಮಾಡಬೇಡಿ. ತುಂಡು ಚಿಕ್ಕದಾದಷ್ಟೂ ಒದ್ದೆಯಾಗುವ ಸೋಪು ಕಡಿಮೆ, ಮಕ್ಕಳ ಕೈಗೂ ಹಿಡಿಸುತ್ತದೆ.

ಇನ್ನು ಇಡುವ ಜಾಗ. ಸೋಪಿನ ಡಬ್ಬಿಗಳ ಮೇಲೆ ನಾನು ಸುಮಾರು ದುಡ್ಡು ಕಳೆದಿದ್ದೇನೆ. ತೂತಿನ ಪ್ಲಾಸ್ಟಿಕ್ ಡಬ್ಬಿಯ ತೂತು ಒಂದು ವಾರದಲ್ಲಿ ಲೋಳೆಯಿಂದ ಮುಚ್ಚಿಹೋಯಿತು. ಆನ್‌ಲೈನ್‌ನಲ್ಲಿ ತರಿಸಿದ ಬಿದಿರಿನ ತಟ್ಟೆ ಜುಲೈ ಹೊತ್ತಿಗೆ ಕಪ್ಪು ಬೂಸ್ಟು ಹಿಡಿದಿತ್ತು. ಅತ್ತೆ ಪ್ರೀತಿಯಿಂದ ಹತ್ತಿ ದಾರದಲ್ಲಿ ಒಂದು ಚೀಲ ಹೆಣೆದು ಕೊಟ್ಟರು. ನಲ್ಲಿಗೆ ನೇತು ಹಾಕಿದೆ. ಮೂರನೇ ದಿನಕ್ಕೆ ಒದ್ದೆ ಸಾಕ್ಸಿನ ವಾಸನೆ. ಅವರಿಗೆ ಇನ್ನೂ ಹೇಳಿಲ್ಲ.

ಕೊನೆಗೆ ಗೆದ್ದದ್ದು ಹೀರೆಕಾಯಿ ನಾರು. ಬಲಿತು ಒಣಗಿದ ತುಪ್ಪದ ಹೀರೆಯ ಸಿಪ್ಪೆ ಸುಲಿದು, ಬೀಜ ಉದುರಿಸಿ, ಎರಡು ಬೆರಳು ದಪ್ಪದ ಬಿಲ್ಲೆ ಕತ್ತರಿಸಿಕೊಳ್ಳಿ. ಅದರ ಮೇಲೆ ಸೋಪು ಇಟ್ಟರೆ ಅಡಿಯಲ್ಲೂ ಗಾಳಿ ಆಡುತ್ತದೆ. ನಾರಿಗೆ ಅಂಟಿದ ಲೋಳೆ ಹಾಳಲ್ಲ, ವಾಶ್ ಬೇಸಿನ್ ತಿಕ್ಕಿ. ಬಿಲ್ಲೆಯನ್ನೂ ಎರಡು ಇಟ್ಟುಕೊಂಡು, ವಾರಕ್ಕೊಮ್ಮೆ ಬದಲಿಸಿ ಫ್ಯಾನಿನ ಕೆಳಗೆ ಒಣಗಿಸಿ. ಇಲ್ಲದಿದ್ದರೆ ಅದಕ್ಕೂ ಬೂಸ್ಟು ತಪ್ಪಿದ್ದಲ್ಲ. ನಾರು ಸಿಗದವರು ಯಾವುದೇ ತಟ್ಟೆಗೆ ನಾಲ್ಕು ರಬ್ಬರ್ ಬ್ಯಾಂಡ್ ಸುತ್ತಿ ಅದರ ಮೇಲೆ ಇಡಬಹುದು. ನೋಡಲು ಚೆನ್ನಾಗಿರಲ್ಲ, ಕೆಲಸ ಮಾತ್ರ ಆಗುತ್ತದೆ.

ಸ್ನಾನ ಆದಮೇಲೆ ಸೋಪಿನ ನೊರೆಯನ್ನು ಒಮ್ಮೆ ತೊಳೆದು, ನೀರು ಕೊಡವಿ, ಅಂಚಿನ ಮೇಲೆ ನಿಲ್ಲಿಸಿ. ಮಲಗಿಸಬೇಡಿ. ನಿಂತಿದ್ದರೆ ಎರಡೂ ಮೈಗೆ ಗಾಳಿ ತಗಲುತ್ತದೆ. ನಾನಂತೂ ಮಳೆಗಾಲದಲ್ಲಿ ಬಚ್ಚಲಲ್ಲಿ ಸೋಪೇ ಇಡುವುದಿಲ್ಲ. ಹೊರಗೆ ವಾಶ್ ಬೇಸಿನ್ ಪಕ್ಕ, ಹಾಲ್ ಫ್ಯಾನಿನ ಗಾಳಿ ಬರುವ ಕಡೆ ಅದರ ಜಾಗ. ಸ್ನಾನಕ್ಕೆ ಹೋಗುವವರು ಎತ್ತಿಕೊಂಡು ಹೋಗಬೇಕು. ನಮ್ಮನೆಯವರು ವಾರಕ್ಕೆರಡು ಸಲ ಮರೆತು, ತಲೆಗೆ ನೀರು ಹಾಕಿಕೊಂಡಮೇಲೆ ಒಳಗಿಂದ ಕೂಗುತ್ತಾರೆ.

ಬಳಸದ ಸೋಪುಗಳ ಕಥೆ ಬೇರೆ. ಅಕ್ಕ ಯುಗಾದಿಯ ಹೊತ್ತಿಗೆ ಸೋಪು ಹಾಕಿ, ಬಿಸಿಲುಗಾಲದ ಗಾಳಿಯಲ್ಲಿ ಆರು ವಾರ ನೆರಳಲ್ಲಿ ಆರಿಸುತ್ತಾಳೆ. ಕಡಿಮೆ ಎಂದರೆ ನಾಲ್ಕು ವಾರ ಬೇಕು. ಒಳಗಿನ ನೀರು ಆರಿದಷ್ಟೂ ಸೋಪು ಗಟ್ಟಿ, ಬಾಳಿಕೆಯೂ ಜಾಸ್ತಿ. ಕೊಂಡುಕೊಳ್ಳುವಾಗಲೂ ಯಾವಾಗ ಮಾಡಿದ್ದು ಎಂದು ಕೇಳಿ. ಮನೆಗೆ ತಂದಮೇಲೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಬೇಡಿ, ಹಳೆ ಪಂಚೆಯ ತುಂಡು ಸಾಕು. ಹೊರಗೋಡೆಗೆ ತಾಗಿದ ಕಪಾಟು ಮಳೆಗಾಲದಲ್ಲಿ ತಣ್ಣಗೆ ಜಿನುಗುತ್ತದೆ, ನಡುಮನೆ ಕಡೆಯದು ಒಳ್ಳೆಯದು. ಫ್ರಿಜ್ ಬೇಡವೇ ಬೇಡ. ಹೊರಗೆ ತೆಗೆದ ಕೂಡಲೇ ಮೈತುಂಬ ನೀರು ಕಟ್ಟುತ್ತದೆ. ಬಿಸಿಲಿಗೂ ಇಡಬೇಡಿ, ವಾಸನೆ ಹಾರಿಹೋಗುತ್ತದೆ.

ಕೆಲವು ದಿನ ಸೋಪಿನ ಮೇಲೆ ಸಣ್ಣ ಹನಿಗಳು ಕಾಣುತ್ತವೆ. ಸೋಪು ಬೆವರಿದೆ ಅಷ್ಟೇ, ಕೆಟ್ಟಿಲ್ಲ. ಒರೆಸಿ ಫ್ಯಾನಿನ ಕೆಳಗಿಡಿ. ಕಿತ್ತಳೆ ಬಣ್ಣದ ಚುಕ್ಕೆ ಎದ್ದು, ಹಳಸಿದ ಎಣ್ಣೆಯ ವಾಸನೆ ಬಂದರೆ ಮಾತ್ರ ಎಣ್ಣೆ ಹಾಳಾಗಿದೆ ಎಂದರ್ಥ. ತುಕ್ಕು ಹಿಡಿದ ತಂತಿಯ ಸ್ಟ್ಯಾಂಡಿನಲ್ಲಿ ಇಟ್ಟರೆ ಇದು ಬೇಗ ಶುರುವಾಗುತ್ತದೆ. ಅಂಥದ್ದನ್ನು ನಾನು ಒರೆಸುವ ಬಟ್ಟೆ ತೊಳೆಯಲು ಬಳಸುತ್ತೇನೆ.

ತೆಳ್ಳಗಾದ ಚೂರನ್ನು ಬಿಸಾಡಬೇಡಿ. ಅದನ್ನೂ ಹೊಸ ಸೋಪನ್ನೂ ಒದ್ದೆ ಮಾಡಿ, ಒಂದಕ್ಕೊಂದು ಒತ್ತಿ ರಾತ್ರಿಯಿಡೀ ಬಿಡಿ, ಅಂಟಿಕೊಳ್ಳುತ್ತದೆ. ಹೋದ ವರ್ಷ ಹನ್ನೆರಡನೆಯ ಸೋಪು ಬಿಚ್ಚಿದ್ದು ನವರಾತ್ರಿಯಲ್ಲಿ. ಈ ಸಲ ಫೋನ್ ಮಾಡಿದ್ದು ಅಕ್ಕನೇ. "ಸೋಪು ಹಾಕ್ಕೊಂಡು ಸ್ನಾನ ಮಾಡ್ತೀರಿ ತಾನೇ?" ಎಂದು ಕೇಳಿದಳು.