ಕಾತಳಧಾರಕ್ಕೆ ಎರಡನೇ ಸಲ

ನನ್ನ ತವರು ಸಿದ್ದಾಪುರದ ಕಡೆ. ಮನೆಗೆ ನೆಂಟರು ಬಂದರೆ ಎರಡನೇ ದಿನ ಅವರನ್ನು ಜೋಗಕ್ಕೆ ಕರೆದೊಯ್ಯುವುದು ಅಪ್ಪನ ಕಾಲದಿಂದ ಬಂದ ಪದ್ಧತಿ. 830 ಅಡಿಯಿಂದ ಬೀಳುವ ನೀರನ್ನು ನೋಡಿಕೊಂಡೇ ದೊಡ್ಡವಳಾದವಳಿಗೆ, ಜೂನ್ ಬಂದ ಕೂಡಲೇ ಮುಂಬೈಯವರು ‘ವಾಟರ್‌ಫಾಲ್’ ಎಂದು ಕುಣಿಯುವುದು ತಮಾಷೆಯಾಗಿ ಕಾಣುತ್ತಿತ್ತು. ಡೊಂಬಿವಲಿಗೆ ಬಂದು ಹತ್ತೊಂಬತ್ತು ವರ್ಷವಾದರೂ ಲೋಣಾವಳದ ಆಚೀಚೆ ಯಾವ ಝರಿಯ ಕಡೆಗೂ ತಲೆಹಾಕಿರಲಿಲ್ಲ. ಮಗ ಕಾಲೇಜಿಗೆ ಸೇರಿ, ಗೆಳೆಯರ ಜತೆ ಟ್ರೆಕ್ಕಿಂಗ್ ಹೋಗುತ್ತೇನೆ ಎಂದು ಹಟ ಹಿಡಿದಾಗ, ‘ಹಾಗಾದರೆ ನಾನೂ ಬರುತ್ತೇನೆ’ ಎಂದೆ. ಅವನ ಗೆಳೆಯರು ಆ ಕ್ಷಣವೇ ಮಾಯವಾದರು. ಕೊನೆಗೆ ಉಳಿದದ್ದು ನಾನು, ಮಗ, ನಮ್ಮ ಕಟ್ಟಡದಲ್ಲೇ ಇರುವ ಕುಂದಾಪುರದ ದಂಪತಿ.

ಆರಿಸಿಕೊಂಡದ್ದು ರಾಜಮಾಚಿ. ಶ್ರೀವರ್ಧನ, ಮನರಂಜನ ಎಂಬ ಎರಡು ಕೋಟೆಗಳ ಬುಡದಲ್ಲಿ ಉಧೇವಾಡಿ ಎಂಬ ಸಣ್ಣ ಊರಿದೆ. ಅಲ್ಲಿಂದ ಕಾಡಿನೊಳಗೆ ಇಳಿದರೆ ಉಲ್ಹಾಸ ಕಣಿವೆಗೆ ಬೀಳುವ ಕಾತಳಧಾರ. ಮರಾಠಿಯಲ್ಲಿ ಕಾತಳ ಎಂದರೆ ಕಲ್ಲುಬಂಡೆ. ನಮ್ಮಲ್ಲಾಗಿದ್ದರೆ ಬಂಡೆಧಾರೆ ಎನ್ನುತ್ತಿದ್ದೆವೇನೋ. ಎತ್ತರ ಸುಮಾರು 350 ಅಡಿ ಎನ್ನುತ್ತಾರೆ. ‘ಜೋಗದ ಅರ್ಧವೂ ಇಲ್ಲ’ ಎಂದು ನಾನು ಹೊರಡುವ ಮೊದಲೇ ಷರಾ ಬರೆದಾಗಿತ್ತು.

ಮೊದಲ ಸಲ ಹೋದದ್ದು 2023ರ ಜುಲೈ 8, ಶನಿವಾರ. ಕಲ್ಯಾಣದಲ್ಲಿ ಪುಣೆಯ ಗಾಡಿ ಹತ್ತಿ, ಕರ್ಜತದಲ್ಲಿ ಹಿಂದಿನಿಂದ ತಳ್ಳುವ ಎಂಜಿನ್ ಜೋಡಿಸುವಷ್ಟರಲ್ಲಿ ವಡಾಪಾವ್ ತಿಂದು, ಲೋಣಾವಳದಲ್ಲಿ ಇಳಿದೆವು. ಅಲ್ಲಿಂದ ತುಂಗಾರ್ಲಿಯ ಮೇಲೆ ಹಾದು ಉಧೇವಾಡಿಗೆ ಹದಿನೈದು ಕಿಲೋಮೀಟರಿನಷ್ಟು ಜೀಪುದಾರಿ. ಏರು ಹೆಚ್ಚಿಲ್ಲ, ಆದರೆ ಮುಗಿಯುವುದೇ ಇಲ್ಲ. ಮಂಜು ಎಷ್ಟಿತ್ತೆಂದರೆ ಮುಂದೆ ಹೋಗುತ್ತಿದ್ದ ಮಗನ ಕೆಂಪು ಚೀಲ ಮಾತ್ರ ತೇಲಿದಂತೆ ಕಾಣುತ್ತಿತ್ತು. ದಾರಿಯಲ್ಲಿ ಗದ್ದೆ ನಾಟಿ ನಡೆದಿತ್ತು. ನೆಟ್ಟಿ ಮಾಡುತ್ತಿದ್ದ ಹೆಂಗಸರ ಬೆನ್ನ ಮೇಲೆ ಬಿದಿರು, ಎಲೆ ಹೆಣೆದ ಗೊರಬು! ಇಲ್ಲಿ ಅದಕ್ಕೆ ಇರ್ಲೆ ಎನ್ನುತ್ತಾರಂತೆ. ಅಜ್ಜಿಯ ಮನೆಯ ಜಗಲಿಯ ಗೂಟದಲ್ಲಿ ನೇತಾಡುತ್ತಿದ್ದ ಅದೇ ವಸ್ತುವನ್ನು ಮೂವತ್ತು ವರ್ಷಗಳ ನಂತರ ಲೋಣಾವಳದ ಹಿಂದುಗಡೆ ನೋಡುತ್ತೇನೆಂದು ಅಂದುಕೊಂಡಿರಲಿಲ್ಲ. ಅಲ್ಲಿಗೆ ನನ್ನ ಗತ್ತು ಅರ್ಧ ಇಳಿಯಿತು.

ಉಳಿದರ್ಧ ಇಳಿದದ್ದು ರಾತ್ರಿ.

ಊರಿನವರೊಬ್ಬರ ಮನೆಯ ಪಕ್ಕ ಅವರ ಒಪ್ಪಿಗೆ ಪಡೆದು ಟೆಂಟ್ ಹಾಕಿದೆವು. ಗ್ಯಾಸ್ ಒಲೆ ತಂದಿರಲಿಲ್ಲ, ರೈಲಿನಲ್ಲಿ ಗ್ಯಾಸ್ ಡಬ್ಬಿ ಒಯ್ಯುವಂತಿಲ್ಲ. ಒಯ್ಯುವ ಅಗತ್ಯವೂ ಇಲ್ಲ. ಮೊದಲೇ ಹೇಳಿಟ್ಟರೆ ಊರಿನ ಮನೆಗಳಲ್ಲಿ ಪಿಠ್ಲ, ಅಕ್ಕಿಯ ಭಾಕರಿ, ಠೇಚಾ ಸಿಗುತ್ತದೆ. ನಾವು ಕಟ್ಟಿಕೊಂಡು ಹೋದದ್ದು ಅವಲಕ್ಕಿ, ಚಟ್ನಿಪುಡಿ, ಒಂದು ಸಣ್ಣ ಬಾಟಲಿ ಅಪ್ಪೆಮಿಡಿ. ಊಟವಾಗಿ ಒಂಬತ್ತಕ್ಕೆ ಮಲಗಿದೆವು. ಹನ್ನೊಂದರ ಹೊತ್ತಿಗೆ ಬೆನ್ನು ತಣ್ಣಗಾಯಿತು. ಟಾರ್ಚ್ ಹಾಕಿ ನೋಡಿದರೆ ಮಲಗಿದ್ದ ಮ್ಯಾಟಿನ ಅಡಿಯಲ್ಲಿ ನೀರು. ಮೇಲಿಂದ ಒಂದು ಹನಿಯೂ ಸೋರುತ್ತಿರಲಿಲ್ಲ.

ತಪ್ಪು ನನ್ನದೇ. ಟೆಂಟಿನ ಕೆಳಗೆ ಹಾಸಿದ್ದ ಪ್ಲಾಸ್ಟಿಕ್ ಹಾಳೆ ಟೆಂಟಿಗಿಂತ ದೊಡ್ಡದಿತ್ತು. ಎಲ್ಲ ಕಡೆ ಒಂದೊಂದು ಗೇಣು ಹೊರಗೆ ಚಾಚಿಕೊಂಡಿತ್ತು. ಕೆಸರು ತಾಗದಿರಲಿ ಎಂದು ನಾನೇ ಹಾಗೆ ಬಿಟ್ಟದ್ದು. ಟೆಂಟಿನ ಹೊರಚಾವಣಿಯಿಂದ ಇಳಿದ ನೀರು ಆ ಅಂಚಿನ ಮೇಲೆ ಬಿದ್ದು, ಹಾಳೆಯ ಮೇಲೆಯೇ ಹರಿದು, ನೇರವಾಗಿ ನಮ್ಮ ಬೆನ್ನಿನಡಿಗೆ ಬಂದು ನಿಂತಿತ್ತು. ಅಡಿಯ ಹಾಳೆ ಟೆಂಟಿಗಿಂತ ನಾಲ್ಕು ಬೆರಳು ಚಿಕ್ಕದಿರಬೇಕು, ಹೆಚ್ಚಾದರೆ ಒಳಕ್ಕೆ ಮಡಚಬೇಕು. ಇದನ್ನು ಯಾರಾದರೂ ಅಂಗಡಿಯಲ್ಲಿ ಹೇಳಬಹುದಿತ್ತು. ಮನೆಯಾಕೆ ನಮ್ಮ ಪಿಸುಗುಟ್ಟುವಿಕೆ ಕೇಳಿ ಬಾಗಿಲು ತೆಗೆದು, ಏನೂ ಕೇಳದೆ ಜಗಲಿ ತೋರಿಸಿದರು. ಕೋಳಿಬುಟ್ಟಿಯ ಪಕ್ಕ ಬೆಳಗು ಮಾಡಿದೆವು.

ಬೆಳಗ್ಗೆ ಆರಕ್ಕೆ ದಾರಿ ತೋರಿಸಲು ಒಪ್ಪಿದ್ದ ಊರಿನ ಹಿರಿಯರು ಬಂದರು. ನಾವೆಲ್ಲ ಮಾಮಾ ಎಂದೇ ಕರೆದೆವು. ಕಾಡಿನೊಳಗೆ ಅರ್ಧ ಗಂಟೆ ನಡೆದ ಮೇಲೆ ಒಂದು ಹಳ್ಳ ಅಡ್ಡ ಬಂತು. ಅಗಲ ಎಂಟು ಹತ್ತು ಅಡಿ, ಆಳ ಮೊಣಕಾಲಿನಷ್ಟು. ನನ್ನ ಕಣ್ಣಿಗೆ ಅದು ದಾಟಬಹುದಾದ ಹಳ್ಳ. ಮಾಮಾ ದಾಟಲಿಲ್ಲ. ಅಂಗೈ ಗಾತ್ರದ ಒಂದು ಕಲ್ಲನ್ನು ಸರಿಯಾಗಿ ನೀರಿನ ಅಂಚಿಗೆ ಇಟ್ಟು, ಬೀಡಿ ಹಚ್ಚಿ ಕೂತರು. ಬೀಡಿ ಮುಗಿಯುವ ಹೊತ್ತಿಗೆ ಕಲ್ಲು ಮುಳುಗಿತ್ತು. ನೀರಿನ ಬಣ್ಣ ತೆಳು ಚಹಾದಿಂದ ದಟ್ಟ ಚಹಾಕ್ಕೆ ತಿರುಗಿತ್ತು. ‘ಪಾಣಿ ಗಢೂಳ್ ಝಾಲಂ ಕೀ ಮಾಗಂ ಫಿರಾಯ್ಚಂ’ ಎಂದರು. ನೀರು ರಾಡಿಯಾಯಿತೋ, ಹಿಂದೆ ತಿರುಗಬೇಕು. ನಮ್ಮ ತಲೆಯ ಮೇಲೆ ಆಗ ಮಳೆಯೇ ಇರಲಿಲ್ಲ. ಸುರಿಯುತ್ತಿದ್ದದ್ದು ಎಲ್ಲೋ ಮೇಲೆ, ಲೋಣಾವಳದ ಕಡೆಯ ಪಠಾರದಲ್ಲಿ.

ಮಗ ಮುಖ ಊದಿಸಿಕೊಂಡ. ಕುಂದಾಪುರದವರು ‘ಇಲ್ಲಿವರೆಗೆ ಬಂದಾಗಿದೆ, ಹಗ್ಗ ಇದೆಯಲ್ಲ’ ಎಂದರು. ಹಗ್ಗ ಇತ್ತು ನಿಜ, ಅದನ್ನು ಬಳಸಲು ನಮಗ್ಯಾರಿಗೂ ಬರುತ್ತಿರಲಿಲ್ಲ. ಆ ಹೊತ್ತಿಗೆ ನನ್ನ ಬಲಗಾಲಿನ ಶೂ ಬಾಯಿ ಬಿಟ್ಟಿತ್ತು. ನಾಲ್ಕು ಸಾವಿರ ಕೊಟ್ಟು ಕೊಂಡ ಶೂ. ಎರಡು ದಿನದ ನೀರಿಗೆ ಅಂಟು ಬಿಟ್ಟು ಅಟ್ಟೆ ಕಿತ್ತು ಬಂದಿತ್ತು. ಕಡೆಗೆ ಆ ಹಗ್ಗದ ತುಂಡು ಕಟ್ಟಿದ್ದು ಶೂಗೆ. ಅದನ್ನು ಎಳೆದುಕೊಂಡು ಹದಿನೈದು ಕಿಲೋಮೀಟರ್ ವಾಪಸು ನಡೆದೆ. ಮಾಮಾನ ಕಾಲಲ್ಲಿ ಇದ್ದದ್ದು ಗೆರೆಗೆರೆ ಅಟ್ಟೆಯ ಅಗ್ಗದ ರಬ್ಬರ್ ಶೂ.

ನಾವು ಮನೆ ಸೇರಿದ ಹತ್ತನೇ ದಿನ, ಜುಲೈ 19ರ ರಾತ್ರಿ, ಇದೇ ಬೆಟ್ಟಸಾಲಿನಲ್ಲಿ ಇರ್ಶಾಳಗಡದ ಬುಡದ ಇರ್ಶಾಳವಾಡಿಯ ಮೇಲೆ ಗುಡ್ಡ ಕುಸಿಯಿತು. ಟ್ರೆಕ್ಕಿಂಗಿಗೆ ಹೋದವರಿಗೆ ಊಟ ಹಾಕುತ್ತಿದ್ದ ಇಂಥದ್ದೇ ಒಂದು ವಾಡಿ. ಟಿವಿ ನೋಡುತ್ತಿದ್ದ ಮಗ, ಕಾತಳಧಾರದ ಬಗ್ಗೆ ಆಮೇಲೆ ದೂರಲಿಲ್ಲ.

ಎರಡನೇ ಸಲ ಹೋಗುವಾಗ ಬೇರೆಲ್ಲಕ್ಕಿಂತ ಮುಖ್ಯವಾಗಿ ಒಂದು ದಿನ ಹೆಚ್ಚು ಇಟ್ಟುಕೊಂಡೆವು. ಅದೇ ವರ್ಷ ಗಣಪತಿ ವಿಸರ್ಜನೆ ಮುಗಿದ ಮೇಲಿನ ಶನಿವಾರ, ಸೆಪ್ಟೆಂಬರ್ 30. ಗಾಂಧಿ ಜಯಂತಿ ಸೇರಿ ಮೂರು ದಿನ ರಜೆ. ಎರಡು ದಿನದ ರಜೆಯಲ್ಲಿ ಹೋದವರು ಭಾನುವಾರ ಬೆಳಗ್ಗೆ ಹಳ್ಳ ಹೇಗಿದ್ದರೂ ದಾಟಲು ನೋಡುತ್ತಾರೆ, ಸೋಮವಾರ ಆಫೀಸು ಕಾಯುತ್ತಿರುತ್ತದಲ್ಲ. ಜುಲೈಯಲ್ಲಿ ನಮಗೆ ಮಾಮಾ ಇಲ್ಲದಿದ್ದರೆ ನಾವೂ ಅದನ್ನೇ ಮಾಡುತ್ತಿದ್ದೆವು.

ಸಾಮಾನು ಬಹಳ ಕಡಿಮೆಯಾಗಿತ್ತು. ದುಬಾರಿ ಡ್ರೈ ಬ್ಯಾಗ್ ಬದಲು ದಪ್ಪ ಕಸದ ಚೀಲಗಳು, ಒಂದರೊಳಗೆ ಒಂದು. ಮಲಗುವ ಬಟ್ಟೆ, ಒಂದು ಜೋಡಿ ಕಾಲುಚೀಲ ಎಲ್ಲಕ್ಕಿಂತ ಒಳಗಿನ ಚೀಲದಲ್ಲಿ. ಏನೇ ಒದ್ದೆಯಾದರೂ ಅವನ್ನು ರಾತ್ರಿಗೆ ಮುಂಚೆ ತೆಗೆಯುವುದಿಲ್ಲ ಎಂಬ ಕರಾರು. ತಲೆಗೆ ಕಟ್ಟುವ ಟಾರ್ಚು ಎಲ್ಲರಿಗೂ ಒಂದೊಂದು. ಉಪ್ಪಿನ ಪೊಟ್ಟಣವನ್ನು ನಾನು ಮಲೆನಾಡಿನ ಅಭ್ಯಾಸದಿಂದ ಉಂಬಳಕ್ಕೆಂದು ಇಟ್ಟುಕೊಂಡಿದ್ದೆ. ಎರಡೂ ಸಲ ಒಂದೇ ಒಂದು ಉಂಬಳ ಹತ್ತಲಿಲ್ಲ, ಉಪ್ಪು ಸೌತೆಕಾಯಿಗಾಯಿತು.

ಟೆಂಟ್ ಹಾಕಿದ್ದು ಮತ್ತೆ ಊರಿನಲ್ಲೇ. ಜಲಪಾತದ ಕೆಳಗೆ, ಕಲ್ಲುಗಳ ನಡುವೆ ಹಾಸಿದಂತಿರುವ ಸಮತಟ್ಟಾದ ಮರಳಿನ ಜಾಗ ಕೆಲವರಿಗೆ ಟೆಂಟಿಗೆಂದೇ ಮಾಡಿಟ್ಟಂತೆ ಕಾಣಬಹುದು. ಆದರೆ ಆ ಮರಳನ್ನು ಅಲ್ಲಿ ತಂದು ಹಾಸಿದ್ದು ನೆರೆ. ಕೊರಕಲಿನ ತಳದಲ್ಲಿ ಮಲಗಿದವರಿಗೆ ಜಲಪಾತದ ಸದ್ದಿನಲ್ಲಿ ನೀರು ಏರುವ ಸದ್ದು ಬೇರೆಯಾಗಿ ಕೇಳಿಸುವುದಿಲ್ಲ. ಊರಿನಲ್ಲಿ ಮಲಗಿದರೆ ಜಲಪಾತಕ್ಕೆ ಒಂದೂವರೆ ಗಂಟೆ ಇಳಿಯಬೇಕು, ಎರಡು ಗಂಟೆ ಹತ್ತಬೇಕು, ಅಷ್ಟೇ ಕಷ್ಟ.

ಶನಿವಾರ ರಾತ್ರಿ ಮಳೆ ಬಂತು, ಬೆನ್ನು ಒದ್ದೆಯಾಗಲಿಲ್ಲ. ಭಾನುವಾರ ಬೆಳಗ್ಗೆ ಮಾಮಾ ಆಕಾಶ ನೋಡಿ ‘ನಾಳೆ’ ಎಂದರು. ಸರಿ ಎಂದು ಶ್ರೀವರ್ಧನಕ್ಕೆ ಹತ್ತಿ ಕೂತೆವು. ಮೋಡ ಸರಿದಾಗಲೆಲ್ಲ ಕಣಿವೆಯ ಎದುರು ಗೋಡೆಯಲ್ಲಿ ಬಿಳಿ ಗೆರೆಗಳು ಮೂಡಿ ಮಾಯವಾಗುತ್ತಿದ್ದವು. ಮಗ ಹದಿನಾಲ್ಕರವರೆಗೆ ಎಣಿಸಿದ. ಮಧ್ಯಾಹ್ನ ಮನೆಯಾಕೆಗೆ ಅಪ್ಪೆಮಿಡಿ ಕೊಟ್ಟೆ. ಒಂದು ಮಿಡಿ ಕಚ್ಚಿ, ಕಣ್ಣು ಮುಚ್ಚಿ, ಬಾಟಲಿಯನ್ನೇ ಒಳಗೆ ಒಯ್ದುಬಿಟ್ಟರು. ಮುಂದಿನ ಎರಡು ಊಟ ನಾವು ಬರೇ ಠೇಚಾದಲ್ಲಿ ಮಾಡಿದೆವು.

ಸೋಮವಾರ ಆರಕ್ಕೆ ಹೊರಟೆವು. ಅದೇ ಹಳ್ಳ, ಈಗ ತಿಳಿಯಾಗಿ ತಳದ ಕಲ್ಲು ಕಾಣುತ್ತಿತ್ತು. ಮಾಮಾ ಈ ಸಲವೂ ಕಲ್ಲಿಟ್ಟರು. ಆಚೆಗೆ ಕಾಡು ದಟ್ಟವಾಯಿತು. ಕಾರ್ವಿಯ ಗಿಡಗಳು ತಲೆಗಿಂತ ಎತ್ತರ. ನಮ್ಮ ಕಡೆಯ ಗುರಿಗೆಯ ಬಳಗವೇ ಇದು. ಎಂಟು ವರ್ಷಕ್ಕೊಮ್ಮೆ ಹೂಬಿಟ್ಟು ಸಾಯುತ್ತದೆ. ಇಳಿಜಾರಿನಲ್ಲಿ ಅದರ ಕಾಂಡಗಳನ್ನೇ ಕೈಹಿಡಿಯಂತೆ ಹಿಡಿದು ಇಳಿದೆವು. ಹಿಡಿಯುವ ಮೊದಲು ನೋಡಿ ಎಂದು ಮಾಮಾ ಹೇಳಿದ್ದು ಏಕೆಂದು ಒಂದು ಕಡೆ ಗೊತ್ತಾಯಿತು. ಮಗ ಕೈಚಾಚಿದ ಕೊಂಬೆಯಿಂದ ಒಂದು ಮಾರು ಮೇಲೆ, ಎಲೆಯಷ್ಟೇ ಹಸಿರಾದ ಹಾವೊಂದು ಸುತ್ತಿಕೊಂಡು ಮಲಗಿತ್ತು. ಬಿದಿರುಮಂಡಲ. ಅದು ಕದಲಲಿಲ್ಲ, ನಾವೇ ಬಳಸಿ ಹೋದೆವು.

ಕೊನೆಯ ಕಾಲು ಗಂಟೆ ಹಳ್ಳದ ಪಾತ್ರದಲ್ಲೇ, ಪಾಚಿಗಟ್ಟಿದ ಬಂಡೆಗಳ ಮೇಲೆ. ನಿಂತು ಹೋಗಲು ಧೈರ್ಯವಾಗದ ಕಡೆ ನಾನು ಕೂತು ಜಾರಿದೆ, ನಾಚಿಕೆ ಏನಿಲ್ಲ. ಆಮೇಲೆ ಮರಗಳು ಮುಗಿದು ಗಾಳಿ ಮುಖಕ್ಕೆ ಹೊಡೆಯಿತು. ನೀರು ಕಾಣುವ ಮೊದಲು ನೀರಿನ ಗಾಳಿ.

ಮೂರು ಕಡೆ ಕಪ್ಪು ಗೋಡೆ, ನಡುವೆ ಒಂದೇ ಧಾರೆ. ಜೋಗವನ್ನು ನಾನು ಯಾವಾಗಲೂ ಎದುರಿನಿಂದ, ಕಟಾಂಜನದ ಹಿಂದೆ ನಿಂತು ನೋಡಿದವಳು. ಬುಡದಲ್ಲಿ ನಿಂತು ತಲೆಯೆತ್ತಿ ನೋಡಿದಾಗ 350 ಅಡಿಗೂ 830ಕ್ಕೂ ಕುತ್ತಿಗೆಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಧಾರೆಯ ಹಿಂದೆ ಬಂಡೆ ಒಳಕ್ಕೆ ಕೊರೆದು ಗವಿಯಂತಾಗಿದೆ. ಸಹ್ಯಾದ್ರಿಯ ಈ ಭಾಗವೆಲ್ಲ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಗಟ್ಟಿಯಾದ ಲಾವಾ. ಗಟ್ಟಿ ಪದರದ ಕೆಳಗೆ ಮೆತ್ತನೆಯದು ಸಿಕ್ಕರೆ ನೀರು ಅದನ್ನು ಮೊದಲು ತಿನ್ನುತ್ತದೆ, ಮೇಲಿನದು ಮಾಡಿನಂತೆ ಚಾಚಿಕೊಳ್ಳುತ್ತದೆ. ಆ ಮಾಡಿನ ಕೆಳಗೆ ಹೋಗಿ ನಿಂತೆವು. ಮಾತು ಕೇಳಿಸುವುದಿಲ್ಲ. ಕುಂದಾಪುರದವರು ಏನೋ ಕಿರುಚಿದರು. ಮೇಲೆ ಹತ್ತಿದ ಮೇಲೆ ಕೇಳಿದರೆ, ‘ಕನ್ನಡಕ ಎಲ್ಲಿ ಹೋಯ್ತು’ ಎಂದಿದ್ದರಂತೆ. ಹಣೆಯ ಮೇಲೆಯೇ ಇತ್ತು.

ಧಾರೆಯ ನೇರ ಕೆಳಗೆ ಮಾಮಾ ಯಾರನ್ನೂ ಬಿಡಲಿಲ್ಲ. ಮೇಲಿಂದ ನೀರಿನ ಜತೆ ಕಲ್ಲೂ ಬರುತ್ತದೆ. ಗುಂಡಿಯಲ್ಲಿ ಈಜುವ ಆಸೆ ಮಗನಿಗೆ ಇತ್ತು, ಅದಕ್ಕೂ ಇಲ್ಲ ಎಂದೆವು. ಇಪ್ಪತ್ತು ನಿಮಿಷ ಇದ್ದೆವೇನೋ. ಮೇಲೆ ಮೋಡ ಕಪ್ಪಾಗತೊಡಗಿದ ಕೂಡಲೇ ಮಾಮಾ ಎದ್ದರು, ನಾವು ಚರ್ಚೆ ಮಾಡಲಿಲ್ಲ.

ಊಟ ಮಾಡಿ, ಈ ಸಲ ಲೋಣಾವಳದ ಉದ್ದ ದಾರಿ ಬಿಟ್ಟು ಕರ್ಜತದ ಕಡೆ ಇಳಿದೆವು. ಮೊಣಕಾಲಿಗೆ ಶಿಕ್ಷೆ. ಆದರೆ ದಾರಿಯಲ್ಲಿ ಕೊಂಡಾಣೆ ಗುಹೆಗಳಿವೆ, ಕ್ರಿಸ್ತಪೂರ್ವ 1ನೇ ಶತಮಾನದ ಬೌದ್ಧ ವಿಹಾರ, ಚೈತ್ಯ. ಮಳೆಗಾಲದಲ್ಲಿ ಗುಹೆಗಳ ಮುಖದ ಮೇಲೆಯೇ ನೀರು ಪರದೆಯಂತೆ ಇಳಿಯುತ್ತದೆ. ಅಲ್ಲಿನ ಬ್ರಾಹ್ಮಿ ಶಾಸನವೊಂದರಲ್ಲಿ ‘ಕನ್ಹನ ಶಿಷ್ಯ ಬಲಕ ಮಾಡಿದ್ದು’ ಎಂದಿದೆ. ಎರಡು ಸಾವಿರ ವರ್ಷದ ಹಿಂದೆ ಈ ಮಳೆಯಲ್ಲಿ ಉಳಿ ಹಿಡಿದವನು ಹೆಸರು ಬರೆಯದೆ ಹೋಗಲಿಲ್ಲ. ಮಗನಿಗೆ ಕಾತಳಧಾರಕ್ಕಿಂತ ಇದು ಹಿಡಿಸಿತು.

ಕರ್ಜತದಿಂದ ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕಿತು. ವಾಂಗಣಿ ದಾಟಿದ ಮೇಲೆ ಕಿಟಕಿಯಲ್ಲಿ ಉಲ್ಹಾಸ ನದಿ, ಕಂದು ಬಣ್ಣ, ಅಗಲ. 2019ರ ಜುಲೈ 27ರಂದು ಕೊಲ್ಲಾಪುರಕ್ಕೆ ಹೊರಟಿದ್ದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸನ್ನು ಸಾವಿರಕ್ಕೂ ಹೆಚ್ಚು ಜನರ ಸಮೇತ ಇಲ್ಲಿಯೇ ನೀರು ಸುತ್ತುವರಿದಿತ್ತು. ಕಲ್ಯಾಣ-ಡೊಂಬಿವಲಿಯ ನಲ್ಲಿಗಳಿಗೆ ಬರುವುದೂ ಇದೇ ಹೊಳೆ. ‘ಬೆಳಗ್ಗೆ ನಮ್ಮ ತಲೆ ಮೇಲೆ ಬಿದ್ದದ್ದು ಮನೆಗೆ ಯಾವತ್ತು ಬರುತ್ತದೆ?’ ಎಂದು ಮಗ ಕೇಳಿದ. ನಮ್ಮ ಕಟ್ಟಡದ ಪಂಪು ಕೆಟ್ಟಿರದಿದ್ದರೆ ಬೇಗ ಬಂದೀತು ಎಂದೆ.

ಒದ್ದೆ ಟೆಂಟನ್ನು ಮಡಚಿಟ್ಟರೆ ವಾರದಲ್ಲಿ ಬೂಸಲು. ಹಾಗಾಗಿ ರಾತ್ರಿಯೇ ಒಯ್ದು ತಾರಸಿಯ ಹಗ್ಗದ ಮೇಲೆ ಹರವಿ ಬಂದೆ. ಬೆಳಗ್ಗೆ ಏಳಕ್ಕೆ ಸೊಸೈಟಿಯ ಸೆಕ್ರೆಟರಿ ಫೋನ್ ಮಾಡಿ, ಗಣಪತಿ ಹೋಗಿ ಐದು ದಿನವಾಯಿತು, ಮಂಟಪದ ತಾಡಪಾಲನ್ನು ಇನ್ನೂ ತಾರಸಿಯಲ್ಲಿ ಬಿಟ್ಟವರು ಯಾರು ಎಂದು ವಿಚಾರಿಸಿದರು.